ಚಾಕ್ಕ ಇಟ್ಟೇನಿ

ನನಗೆ ಅಡುಗೆ ಬರುವುದಿಲ್ಲ, ನೀರು ಕಾಸಲು ಬರುತ್ತದೆ. ಹೀಗೆಂದರೆ ಮನೆಯಲ್ಲಿ ನಗುತ್ತಾರೆ. ನಗಲಿ. ಸಾರಿಗೆ ಉಪ್ಪು ಹೆಚ್ಚಾದರೆ ಇನ್ನೊಂದು ಲೋಟ ನೀರು ಸುರಿದು ದಾಟಬಹುದು. ನೀರೇ ಕೆಟ್ಟರೆ ಅದಕ್ಕೆ ಏನು ಸುರಿಯುತ್ತೀರಿ? ಬೆಳಗಿನ ಐದಕ್ಕೆ ಎದ್ದು, ಬೋಗಾಣಿ ತೊಳೆದು, ಅಳತೆಯ ನೀರು ಹಾಕಿ, ಒಲೆಯ ಪಕ್ಕ ಕೈಕಟ್ಟಿ ನಿಲ್ಲುವ ಆ ಹತ್ತು ನಿಮಿಷಕ್ಕಾಗಿ ನಾನು ರಾತ್ರಿ ಬೇಗ ಮಲಗುತ್ತೇನೆ. ಚಹಾ ಆಮೇಲಿನ ಮಾತು.

ಹುಟ್ಟಿದ್ದು ಮಸ್ಕಿ, ಮಾಸ್ತರಿಕೆ ಮಾಡಿದ್ದು ಸಿಂಧನೂರು ಸುತ್ತಿನ ಕ್ಯಾಂಪುಗಳಲ್ಲಿ, ನಿವೃತ್ತನಾಗಿ ಕೂತದ್ದು ಲಿಂಗಸುಗೂರಲ್ಲಿ. ಮೂರೂ ಊರು ಒಂದೇ ಹೆದ್ದಾರಿಯ ಮೇಲಿವೆ. ಬಸ್ಸು ಹತ್ತಿದರೆ ಒಂದೂವರೆ ತಾಸಿನಲ್ಲಿ ಈ ತುದಿಯಿಂದ ಆ ತುದಿ. ಆದರೆ ಈ ಒಂದೂವರೆ ತಾಸಿನ ದಾರಿಯಲ್ಲಿ ನೀರು ಕುದಿಸುವ ರೀತಿ ಎಷ್ಟು ಸಲ ಬದಲಾಗುತ್ತದೆ ಎಂದರೆ, ಕಣ್ಣು ಕಟ್ಟಿ ಯಾರದೋ ಮನೆಯ ಪಡಸಾಲೆಯಲ್ಲಿ ಕೂಡಿಸಿದರೂ ಅಡುಗೆಮನೆಯ ಸಪ್ಪಳ ಕೇಳಿ ನಾನಿರುವ ಊರು ಹೇಳಬಲ್ಲೆ. ಇದೊಂದೇ ವಿದ್ಯೆಯ ಮೇಲೆ ನನಗೆ ಸ್ವಲ್ಪ ಜಂಬ.

ನಮ್ಮ ಕಡೆ ‘ಚಹಾ ಮಾಡು’ ಅನ್ನುವುದು ಕಡಿಮೆ. ‘ಚಾಕ್ಕ ಇಡು’ ಅನ್ನುತ್ತಾರೆ. ಏನನ್ನು ಇಡಬೇಕು ಅಂತ ಹೇಳುವುದಿಲ್ಲ. ಆ ಮಾತಿನೊಳಗೆ ನೀರು ಇದೆ, ಹೆಸರು ಮಾತ್ರ ಇಲ್ಲ. ಇನ್ನೊಂದು ಗಮನಿಸಿ. ಮೈಸೂರಿನವರಿಗೆ ನೀರು ‘ಕಾದಿದೆ’. ನಮಗೆ ನೀರು ‘ಕಾದಾವು’. ಅವರದು ಒಂದು ನೀರು, ನಮ್ಮವು ಹಲವು. ನೆರೆಯ ತೆಲುಗರ ‘ನೀಳ್ಳು’ ಕೂಡ ಬಹುವಚನವೇ. ಮಳೆ ಕಡಿಮೆ ಬೀಳುವ ಸೀಮೆಯಲ್ಲಿ ನೀರಿಗೆ ಬಹುವಚನದ ಮರ್ಯಾದೆ ಸಿಕ್ಕದ್ದು ನ್ಯಾಯವೇ ಸರಿ ಎಂದು ವ್ಯಾಕರಣದ ಪಾಠ ಮಾಡುವಾಗ ಹುಡುಗರಿಗೆ ಹೇಳುತ್ತಿದ್ದೆ. ಪರೀಕ್ಷೆಯಲ್ಲಿ ಹಾಗೆ ಬರೆಯಬೇಡಿ ಅಂತಲೂ ಹೇಳುತ್ತಿದ್ದೆ.

ನೀರು ನೋಡುವ ಈ ಹುಚ್ಚು ಹಚ್ಚಿದವಳು ಅವ್ವ. ಮಸ್ಕಿಯ ನಮ್ಮ ಮನೆಯಲ್ಲಿ ಒಲೆಗೆ ತೊಗರಿಕಟ್ಟಿಗೆ, ಹತ್ತಿಕಟ್ಟಿಗೆ, ಮಳೆಗಾಲಕ್ಕೆ ಕೂಡಿಟ್ಟ ಕುಳ್ಳು. ಹತ್ತಿಕಟ್ಟಿಗೆ ಭರ್ರನೆ ಉರಿದು ಬೇಗ ಮುಗಿಯುತ್ತದೆ. ಕುಳ್ಳು ಒಳಗೊಳಗೇ ಬೇಯುತ್ತದೆ. ಉರಿ ಹೀಗೆ ಏರಿಳಿಯುವಾಗ ಗಡಿಯಾರ ನೋಡಿ ಪ್ರಯೋಜನವಿಲ್ಲ, ನೀರನ್ನೇ ನೋಡಬೇಕು. ಅವ್ವ ನನ್ನನ್ನು ಒಲೆಯ ಮುಂದೆ ಕೂಡಿಸಿ, ಊದುಗೊಳವೆ ಕೈಗೆ ಕೊಟ್ಟು, ರೊಟ್ಟಿಯ ಹಿಟ್ಟು ಸೋಸುತ್ತ ಕೇಳುತ್ತಿದ್ದಳು:

“ಎಷ್ಟಕ್ಕ ಬಂತು ನೋಡಪಾ?”

“ಎಳ್ಳು, ಅವ್ವಾ.”

“ಈಗ?”

“ಸಜ್ಜಿ.”

ಬೋಗಾಣಿಯ ತಳಕ್ಕೆ ಅಂಟಿ ಕೂತ ಮೊದಲ ಗುಳ್ಳೆಗಳು ಎಳ್ಳಿನಷ್ಟು. ಅವು ಉಬ್ಬಿ ಸಜ್ಜೆಯಷ್ಟಾಗುತ್ತವೆ. ತಳ ಬಿಟ್ಟು ಸಾಲುಸಾಲಾಗಿ ಏಳತೊಡಗಿದರೆ ಜೋಳ. ಮೇಲೆ ಬಂದು ಫಟಫಟ ಒಡೆದರೆ ಕಡಲೆ. ‘ಕಡ್ಲಿ’ ಎಂದು ನಾನು ಕೂಗಿದ ಕ್ಷಣಕ್ಕೆ ಅವ್ವ ಬಂದು, ಸೆರಗಿನಿಂದ ಬೋಗಾಣಿಯ ಕಂಠ ಹಿಡಿದು, ಹಿಟ್ಟಿನ ಗುಳಿಗೆ ಎಸರು ಸುರಿಯುತ್ತಿದ್ದಳು. ಉಳಿದ ನೀರಿಗೆ ಸಕ್ಕರೆ, ಚಾಪುಡಿ. ಎಷ್ಟೋ ವರ್ಷದ ಮೇಲೆ ಒಂದು ಪುಸ್ತಕದಲ್ಲಿ ಓದಿದೆ. ಎಂಟನೆಯ ಶತಮಾನದಲ್ಲಿ ಚೀನಾದ ಲು ಯು ಎಂಬಾತ ಚಹಾದ ಮೇಲೆ ಗ್ರಂಥ ಬರೆದು, ನೀರಿನ ಕುದಿತಕ್ಕೆ ಮೂರು ಹಂತ ಹೇಳಿದ್ದಾನಂತೆ: ಮೊದಲು ಮೀನಿನ ಕಣ್ಣು, ಆಮೇಲೆ ಮುತ್ತಿನ ಸಾಲು, ಕೊನೆಗೆ ಅಲೆ. ಓದಿ ಮೈ ಜುಮ್ಮೆಂದಿತು. ಆದರೂ ಮುತ್ತು ಕಂಡ ಮನೆತನವಲ್ಲ ನಮ್ಮದು. ಎಳ್ಳು, ಸಜ್ಜೆ, ಜೋಳ, ಕಡಲೆ ಎಂದರೆ ಹಂತವೂ ಒಂದು ಹೆಚ್ಚು, ಹೊಟ್ಟೆಗೂ ಹತ್ತಿರ.

ಕಣ್ಣಿಗಿಂತ ಕಿವಿ ಮೊದಲು ಹೇಳುತ್ತದೆ. ಸಜ್ಜೆಯ ಹೊತ್ತಿಗೆ ನೀರು ಸುಂಯ್ ಎಂದು ಹಾಡತೊಡಗುತ್ತದೆ. ತಳದಲ್ಲಿ ಹುಟ್ಟಿದ ಆವಿಯ ಗುಳ್ಳೆ ಮೇಲಿನ ತಣ್ಣೀರಿಗೆ ತಾಗಿದ ಕೂಡಲೇ ಕುಸಿಯುತ್ತದೆ. ಅಂಥ ಸಾವಿರ ಕುಸಿತಗಳ ಸದ್ದು ಅದು. ಜೋಳ ದಾಟಿದಂತೆ ಹಾಡು ತಗ್ಗುತ್ತದೆ. ಆಗ ನೀರೆಲ್ಲ ಒಂದೇ ಸಮ ಕಾದಿರುವುದರಿಂದ ಗುಳ್ಳೆಗಳು ಸಾಯದೆ ಮೇಲೆ ಬರುತ್ತವೆ. ಕುದಿ ಬರುವ ಮುಂಚಿನ ಆ ಚಿಕ್ಕ ಮೌನವನ್ನು ಗುರುತಿಸದವರು ಸಕ್ಕರೆಯನ್ನು ಯಾವಾಗ ಬೇಕಾದರೂ ಹಾಕಿಕೊಳ್ಳಲಿ, ನನ್ನ ತಕರಾರಿಲ್ಲ.

ಶಾಲೆಯಲ್ಲಿ ಒಮ್ಮೆ ನನ್ನಿಂದ ತಪ್ಪಾಗಿದೆ. ನೀರು ನೂರು ಡಿಗ್ರಿಗೆ ಕುದಿಯುತ್ತದೆ ಎಂದು ಪಾಠ ಮಾಡಿ ಪ್ರಯೋಗ ತೋರಿಸುತ್ತಿದ್ದೆ. ಒಬ್ಬ ಹುಡುಗ ಥರ್ಮಾಮೀಟರ್ ನೋಡಿ, “ಸರ, ತೊಂಬತ್ತೆಂಟೂವರಿ ಮ್ಯಾಲೆ ಏರವಲ್ದು” ಎಂದ. ಸರಿಯಾಗಿ ನೋಡಲು ಬರುವುದಿಲ್ಲ ಎಂದು ಗದರಿ ಕೂಡಿಸಿದೆ. ನಮ್ಮ ಸೀಮೆ ಸಮುದ್ರಮಟ್ಟದಿಂದ ಸುಮಾರು 400 ಮೀಟರ್ ಮೇಲಿದೆ. 300 ಮೀಟರ್ ಏರಿದರೆ ಕುದಿಬಿಂದು ಹೆಚ್ಚುಕಡಿಮೆ ಒಂದು ಡಿಗ್ರಿ ಇಳಿಯುತ್ತದೆ. ಹುಡುಗ ನೋಡಿದ್ದು ಸರಿಯಾಗಿಯೇ ಇತ್ತು. ಪಾಠದ ಪುಸ್ತಕ ಕಡಲ ದಂಡೆಯದು, ಬೋಗಾಣಿ ನಮ್ಮೂರದು.

ಅವ್ವನ ಒಲೆಯಿಂದಲೇ ನನ್ನದೊಂದು ಸಿದ್ಧಾಂತ ಹುಟ್ಟಿತು: ಚಹಾಕ್ಕೆ ಇಟ್ಟ ನೀರಿನ ಹಿಂದೆ ಆ ಮನೆಯ ಎಸರು ಇರುತ್ತದೆ. ಚಹಾ ನಿನ್ನೆ ಮೊನ್ನೆ ಬಂದದ್ದು. ನಮ್ಮ ತಾತನ ಕಾಲಕ್ಕೆ ಜ್ವರ ಬಂದವರಿಗೆ ಮಾತ್ರ ಕೊಡುತ್ತಿದ್ದರಂತೆ. ಮನೆಯ ಹೆಂಗಸರ ಕೈಗೆ ನೀರು ಕುದಿಸುವ ಹದ ಕಲಿಸಿದ್ದು ಅದಕ್ಕೂ ಹಿಂದಿನ ಧಾನ್ಯ. ಜೋಳದ ಹಿಟ್ಟಿಗೆ ಗೋಧಿಯ ಜಿಗುಟಿಲ್ಲ. ಸುಡುವ ಎಸರು ಬಿದ್ದರೇ ಅದು ಕೂಡಿಕೊಳ್ಳುವುದು, ಇಲ್ಲವಾದರೆ ಬಡಿಯುವಾಗ ರೊಟ್ಟಿಯ ಅಂಚು ಬಿರಿಯುತ್ತದೆ. ಹಾಗಾಗಿ ಜೋಳದ ಮನೆಯ ಚಹಾಕ್ಕೂ ಕೊತಕೊತ ಕುದಿಯೇ ಬೇಕು. ನೀರು, ಸಕ್ಕರೆ, ಪುಡಿ, ಹಾಲು ಎಲ್ಲವೂ ಒಂದೇ ಬೋಗಾಣಿಯಲ್ಲಿ ಮೂರು ಸಲ ಉಕ್ಕಿ ಇಳಿಯಬೇಕು. ಬೆಲ್ಲದ ಚಹಾ ಆದರೆ ಮಾತ್ರ ಹಾಲು ಕೊನೆಗೆ, ಅದೂ ಒಲೆಯಿಂದ ಇಳಿಸಿದ ಮೇಲೆ, ಇಲ್ಲವಾದರೆ ಒಡೆಯುತ್ತದೆ. ಕಪ್ಪು-ಬಸಿಯಲ್ಲಿ ಕೊಟ್ಟದ್ದನ್ನು ಬಸಿಗೆ ಸುರಿದು ಸುರ್ ಎನ್ನಿಸುವುದೂ ಇದೇ ಕಾರಣಕ್ಕೆ. ಅಷ್ಟು ಸುಡುವುದನ್ನು ಬೇರೆ ಹೇಗೆ ಕುಡಿಯುವುದು?

ಮಸ್ಕಿಯಲ್ಲಿ ನೀರೇ ಮೊದಲ ಪರೀಕ್ಷೆ. ಬೋರಿನ ನೀರು ಸವಳು. ಅದರಲ್ಲಿ ಮಾಡಿದ ಚಹಾದ ಮೇಲೆ ತೆಳುವಾದ ಕೆನೆಯಂಥ ಪೊರೆ ಕಟ್ಟುತ್ತದೆ. ಹೊಸಬರು ಹಾಲಿನ ಕೆನೆ ಎಂದು ಖುಷಿಪಡುತ್ತಾರೆ, ಅದು ಸುಣ್ಣದ ಆಟ. ಕುದಿಸಿದಷ್ಟೂ ಬೋಗಾಣಿಯ ಒಳಮೈಗೆ ಬಿಳಿ ಪದರು ಕೂರುತ್ತದೆ. ವಾರಕ್ಕೊಮ್ಮೆ ಅವ್ವ ಹುಣಸೆಹಣ್ಣು ಹಚ್ಚಿ ತಿಕ್ಕುತ್ತಿದ್ದಳು. ಬೇಳೆ ಬೇಯುವ ನೀರು, ಬೇಳೆ ಬೇಯದ ನೀರು ಎಂದು ಊರಿನ ಬಾವಿಗಳಿಗೆ ಎರಡೇ ಜಾತಿ. ಬೇಳೆ ಬೇಯುವ ನೀರಿನ ಕೊಡವನ್ನು ಬೀಗರು ಬಂದಾಗಿನ ಚಹಾಕ್ಕೆಂದು ಬೇರೆ ಇಡುತ್ತಿದ್ದರು. ಈಗ ಐದು ರೂಪಾಯಿ ನಾಣ್ಯಕ್ಕೆ ಇಪ್ಪತ್ತು ಲೀಟರ್ ಕೊಡುವ ಶುದ್ಧ ನೀರಿನ ಘಟಕ ಬಂದಿದೆ. ಬಂದದ್ದು ಒಳ್ಳೆಯದೇ. ನಮ್ಮ ಜಿಲ್ಲೆಯ ಎಷ್ಟೋ ಬೋರುಗಳಲ್ಲಿ ಫ್ಲೋರೈಡ್ ಇದೆ. ಕುದಿಸಿದರೆ ಕ್ರಿಮಿ ಸಾಯುತ್ತವೆ, ಫ್ಲೋರೈಡ್ ಸಾಯುವುದಿಲ್ಲ. ನೀರು ಆವಿಯಾಗಿ ಹೋದಷ್ಟೂ ಉಳಿದದ್ದು ಗಟ್ಟಿಯಾಗುತ್ತದೆ. ಕುದಿಸಿದ ನೀರೆಲ್ಲ ಶುದ್ಧ ಎಂದು ನಂಬಿದ್ದ ನನ್ನಂಥವನಿಗೆ ಇದು ಸ್ವಲ್ಪ ಬೇಸರದ ಸುದ್ದಿ.

ಮಸ್ಕಿ ಎಂದರೆ ಜನ ಅಶೋಕನ ಶಾಸನ ಕೇಳುತ್ತಾರೆ. 1915ರಲ್ಲಿ ಬೀಡನ್ ಎಂಬ ಗಣಿ ಎಂಜಿನಿಯರ್ ಕಂಡ ಆ ಬಂಡೆಯಲ್ಲಿ ‘ದೇವಾನಾಂಪ್ರಿಯ’ ಎಂಬ ಬಿರುದಿನ ಜೊತೆಗೆ ಅಶೋಕ ಎಂಬ ಹೆಸರೂ ಸಿಕ್ಕಿತು. ದೇವಾನಾಂಪ್ರಿಯ ಯಾರು ಎಂಬ ಪ್ರಶ್ನೆ ಅಲ್ಲಿಗೆ ಬಗೆಹರಿಯಿತು. ನನ್ನ ಮನಸ್ಸು ಮಾತ್ರ ಆಮೇಲಿನ ಒಂದು ಅಗೆತದ ಕಡೆ ಹೋಗುತ್ತದೆ. 1954ರಲ್ಲಿ ಪುರಾತತ್ವಜ್ಞ ಬಿ.ಕೆ. ಥಾಪರ್ ಅಲ್ಲೇ ಅಗೆದಾಗ ಅಶೋಕನಿಗಿಂತ ಹಳೆಯ ವಸತಿಯ ಕುರುಹುಗಳು, ಮಡಕೆಯ ಚೂರುಗಳು ಸಿಕ್ಕವು. ಆ ಮಡಕೆ ಒಡೆಯುವ ಮುಂಚೆ ಅದರ ಮುಂದೆ ಕೂತು ಯಾವ ಕಾಳಿನ ಹೆಸರು ಹೇಳುತ್ತಿದ್ದರೋ.

ಸಿಂಧನೂರಿನ ಅಡುಗೆಮನೆಗಳನ್ನು ನಾನು ಸರಕಾರಿ ಖರ್ಚಿನಲ್ಲಿ ನೋಡಿದೆ. 2010ರಲ್ಲಿ ಜನಗಣತಿಯ ಮನೆಪಟ್ಟಿ ಮಾಡುವ ಕೆಲಸ ಮಾಸ್ತರರ ಪಾಲಿಗೆ ಬಂತು. ಒಟ್ಟು 35 ಪ್ರಶ್ನೆ. ಕುಡಿಯುವ ನೀರು ಎಲ್ಲಿಂದ, ಅಡುಗೆಗೆ ಏನು ಉರಿಸುತ್ತೀರಿ ಎಂಬವೂ ಅದರಲ್ಲಿದ್ದವು. ಕಟ್ಟಿಗೆ, ಬೆಳೆಯ ಕಡ್ಡಿ, ಕುಳ್ಳು, ಸೀಮೆಎಣ್ಣೆ, ಗ್ಯಾಸು ಎಂದು ಒಂದೊಂದಕ್ಕೆ ಒಂದೊಂದು ಅಂಕಿ. ಆ ಒಲೆಯ ಮೇಲೆ ನೀರು ಮೊದಲೋ ಹಾಲು ಮೊದಲೋ ಎಂಬ 36ನೆಯ ಪ್ರಶ್ನೆ ಇರಲಿಲ್ಲ. ಅದನ್ನು ನಾನೇ ಮನಸ್ಸಿನಲ್ಲಿ ತುಂಬಿಕೊಳ್ಳುತ್ತ ಹೋದೆ.

1953ರಲ್ಲಿ ತುಂಗಭದ್ರಾ ಅಣೆಕಟ್ಟೆ ಮುಗಿದು, ಎಡದಂಡೆ ಕಾಲುವೆ ಸಿಂಧನೂರನ್ನು ಮುಟ್ಟಿದ ಮೇಲೆ ಜೋಳದ ಎರೆ ಭತ್ತದ ಗದ್ದೆಯಾಯಿತು. ಗದ್ದೆಯ ಬೆನ್ನಿಗೆ ಆಂಧ್ರದ ರೈತರು ಬಂದು ಕ್ಯಾಂಪು ಕಟ್ಟಿದರು. ಅವರ ಒಂದು ಮನೆಯಲ್ಲಿ “ಕೂರ್ಚೋಂಡಿ ಮಾಸ್ಟಾರು, ಕಾಫಿ ತಾಗಂಡಿ” ಎಂದು ಕೂಡಿಸಿದ ಅಜ್ಜಿ ನೀರು ಕುದಿಸಿ, ಒಲೆ ಆರಿಸಿ, ಸುಮ್ಮನೆ ನಿಂತರು. ನನಗೆ ಕೈ ಕಡಿಯುತ್ತಿತ್ತು: ಕಡಲೆ ಬಂದಿದೆ, ಸುರಿಯಬಾರದೇ? ಅವರು ಸುರಿಯಲಿಲ್ಲ. ಗುಳ್ಳೆಗಳೆಲ್ಲ ಅಡಗಿದ ಮೇಲೆ ಫಿಲ್ಟರಿನ ಪುಡಿಯ ಮೇಲೆ ನೀರನ್ನು ಚಮಚದ ಬೆನ್ನಿನಿಂದ ಇಳಿಬಿಟ್ಟರು. ಹೊಯ್ ಎಂದು ಕುದಿಯುವುದನ್ನು ಸುರಿದರೆ ಕಹಿ ಏರುತ್ತದೆ. ಆಮೇಲೆ ತೊಟ್ಟು ತೊಟ್ಟಾಗಿ ಡಿಕಾಕ್ಷನ್ ಇಳಿಯುವ ತನಕ ಅವರ ಮನೆಯ ಮೂವರು ಮೊಮ್ಮಕ್ಕಳ ವಯಸ್ಸು, ಎರಡು ಕೋಣೆ, ಒಂದು ಟ್ರ್ಯಾಕ್ಟರ್ ಬರೆದು ಮುಗಿಸಿದೆ. ಅನ್ನ ಬಸಿದು ಗಂಜಿ ಇಳಿಸುವ ಕೈಗೆ ಈ ತಾಳ್ಮೆ ಬಂದೇ ಬರುತ್ತದೆ ಎಂದುಕೊಂಡೆ. ಸಿದ್ಧಾಂತ ನಿಂತಿತು.

ಅದೇ ತಾಲೂಕಿನ ಆರ್.ಎಚ್. ಕ್ಯಾಂಪುಗಳಲ್ಲಿ ಪೂರ್ವ ಬಂಗಾಳದಿಂದ ನಿರಾಶ್ರಿತರಾಗಿ ಬಂದು ನೆಲೆಸಿದವರಿದ್ದಾರೆ. ಅಲ್ಲೊಬ್ಬರು ಮಾಶಿ ಜೇಡಿಮಣ್ಣಿನ ಒಲೆಯ ಮೇಲೆ ‘ಕೆಟ್ಲಿ’ ಇಟ್ಟರು. ನಮ್ಮ ಚಾದಂಗಡಿಯ ‘ಕಿಟ್ಲಿ’ಯೇ, ಒಂದು ಅಕ್ಷರದ ಅಂತರ. ನೀರಿಗೆ ಶುಂಠಿಯ ಚೂರು, ಒಂದು ತೇಜಪತ್ತೆ. ಪುಡಿ ಹಾಕಿದ್ದು ನಮ್ಮವ್ವ ಕಂಡಿದ್ದರೆ ಜಿಪುಣತನ ಅನ್ನುವಷ್ಟು. ಹಾಲಿಲ್ಲದ ಲಾಲ್ ಚಾ. ಗಾಜಿನ ಲೋಟದಲ್ಲಿ ಆಚೆಯ ಬೆಳಕು ಕಾಣುತ್ತಿತ್ತು. ಕಾಲುವೆಯ ಸಿಹಿನೀರಿಗೆ ಮಾತ್ರ ಆ ಬಣ್ಣ ಸಾಧ್ಯ, ನಮ್ಮ ಸವಳುನೀರಲ್ಲಿ ಅದು ಕೆಸರಾಗುತ್ತಿತ್ತು. “ಚಾ ಖಾನ್” ಎಂದರು. ಬಂಗಾಳಿಗಳು ಚಹಾವನ್ನು ಕುಡಿಯುವುದಿಲ್ಲ, ತಿನ್ನುತ್ತಾರೆ. ಅವರ ಮಾತಿನಲ್ಲಿ ಎರಡಕ್ಕೂ ಒಂದೇ ಕ್ರಿಯಾಪದ. ಜೊತೆಗೆ ಒಂದು ಬಟ್ಟಲು ಮುಡಿ, ಅಂದರೆ ನಮ್ಮ ಮಂಡಕ್ಕಿ. ನಾವು ಅದನ್ನು ನೆನೆಸಿ ಒಗ್ಗರಣೆ ಕೊಟ್ಟು ಮಿರ್ಚಿ ಜೊತೆ ತಿನ್ನುತ್ತೇವೆ, ಅವರು ಒಣದನ್ನೇ ಕಟುಂಕಟುಂ ಅನ್ನಿಸುತ್ತಾರೆ. ನೀರು ಹಾಡುವುದು ನಿಲ್ಲುತ್ತಲೇ ಮಾಶಿ ನೋಡದೆಯೇ ಕೆಟ್ಲಿ ಇಳಿಸಿದ್ದನ್ನು ಕಂಡೆ. ಭಾಷೆ ಬಾರದ ಮನೆಯಲ್ಲಿ ನನ್ನ ಜಾತಿಯವರೊಬ್ಬರು ಸಿಕ್ಕಂತಾಯಿತು.

ಲಿಂಗಸುಗೂರಿನ ದಾರಿಯೇ ಬೇರೆ. 1905ರವರೆಗೆ ಇದು ನಿಜಾಮನ ಸೀಮೆಯ ಜಿಲ್ಲಾಕೇಂದ್ರ, ಹೈದರಾಬಾದ್ ಕಂಟಿಂಜೆಂಟಿನ ಪಲಟಣ ಇದ್ದ ಊರು. ಹಳೇ ಛಾವಣಿ ಹೋದರೂ ಹೈದರಾಬಾದಿನ ಗಾಳಿ ಒಲೆಗಳ ಮೇಲೆ ಉಳಿದಿದೆ. ನಮ್ಮ ಹಿಂದಿನ ಮನೆಯ ಖಾಲಾ ಎರಡು ಪಾತ್ರೆ ಇಡುತ್ತಾರೆ. ಒಂದರಲ್ಲಿ ಹಾಲು ಮುಕ್ಕಾಲಿಗೆ ಇಳಿಯುವ ತನಕ, ಇನ್ನೊಂದರಲ್ಲಿ ನೀರು-ಪುಡಿಗೆ ಮುಚ್ಚಳ ಬಿಗಿದು ಸಣ್ಣ ಉರಿಯ ದಮ್. ಎರಡೂ ಕೂಡುವುದು ಪ್ಯಾಲಿಯಲ್ಲೇ. ಬಿರಿಯಾನಿಗೆ ದಮ್ ಕಟ್ಟುವ ಮನೆಯಲ್ಲಿ ಚಹಾಕ್ಕೂ ದಮ್! ನನ್ನ ಸಿದ್ಧಾಂತಕ್ಕೆ ಇದಕ್ಕಿಂತ ಸಾಕ್ಷಿ ಬೇಕೇ? ಮುಚ್ಚಳ ತೆಗೆದು ಒಮ್ಮೆ ನೋಡಲೇ ಎಂದು ಕೇಳಿದ್ದಕ್ಕೆ, “ಸಬರ್ ಮಾಡ್ರಿ ಸರ, ದಮ್ ಹೋಗ್ತೈತಿ” ಎಂದರು.

ನನ್ನಾಕೆಗೆ ಈ ಸಿದ್ಧಾಂತದ ಮೇಲೆ ಒಂದು ಪೈಸೆಯ ಗೌರವವಿಲ್ಲ. “ನಮ್ಮನ್ಯಾಗ ಈಗ ದಿನಾ ಅನ್ನ ಕುಕ್ಕರಿನ್ಯಾಗ ಆಗ್ತೈತಿ. ಮೂರು ಸೀಟಿ ಹೊಡಿಸಿ ಚಾ ಮಾಡ್ತೀರೇನು?” ಎಂದು ಕೇಳಿದಳು. ಉತ್ತರ ಹೊಳೆದಿಲ್ಲ. ಆರು ವರ್ಷವಾಯಿತು.

ಹೋದ ದೀಪಾವಳಿಗೆ ಮಗ ಬೆಂಗಳೂರಿನಿಂದ ಕರೆಂಟಿನ ಕೆಟಲ್ ತಂದ. ಅಪ್ಪ ಒಲೆ ಮುಂದೆ ನಿಲ್ಲುವುದು ತಪ್ಪಲಿ ಎಂದು. ಅದರ ತಳದಲ್ಲಿ 1500 ವಾಟ್ ಎಂದು ಬರೆದಿದೆ. ಲೆಕ್ಕ ಹಾಕಿದರೆ ಒಂದು ಲೀಟರ್ ನೀರಿಗೆ ಮೂರೂವರೆ, ನಾಲ್ಕು ನಿಮಿಷ. ಇಂಗ್ಲೆಂಡಿನಲ್ಲಿ 3000 ವಾಟಿನವು ಎರಡು ನಿಮಿಷದಲ್ಲಿ ಮುಗಿಸುತ್ತವೆ. ಅಮೆರಿಕದ ಮನೆಗಳ ಸಾಮಾನ್ಯ ಸಾಕೆಟ್ಟಿಗೆ ಬರುವುದು 120 ವೋಲ್ಟ್, ಹಾಗಾಗಿ ಕೆಟಲ್ ಅಲ್ಲಿ ಅಷ್ಟು ಬೇಗ ಕಾಯಿಸದು, ಎಷ್ಟೋ ಜನ ಒಲೆಯ ಮೇಲೇ ಇಡುತ್ತಾರೆ. ನಮ್ಮಲ್ಲಿ ವೋಲ್ಟೇಜು ಇಂಗ್ಲೆಂಡಿನದು, ಆದರೆ ಪುಸ್ತಕದಲ್ಲಿ ಮಾತ್ರ. ಬೇಸಿಗೆಯ ಸಂಜೆ ಅದು 180ಕ್ಕೆ ಇಳಿದರೆ 1500ರ ಕೆಟಲ್ 920ಕ್ಕೆ ಬಂದು ನಿಲ್ಲುತ್ತದೆ. ಆಗ ಅದಕ್ಕೂ ಕುಳ್ಳಿನ ಒಲೆಗೂ ದೊಡ್ಡ ವ್ಯತ್ಯಾಸ ಕಾಣುವುದಿಲ್ಲ.

ನನಗೆ ಅದರ ವೇಗದ ಮೇಲೆ ಸಿಟ್ಟಿಲ್ಲ. ಸಿಟ್ಟು ಅದು ಉಕ್ಕಿನದು, ಒಳಗಿನದು ಕಾಣುವುದಿಲ್ಲ ಎಂಬುದಕ್ಕೆ. ಕುದಿ ಬರುತ್ತಲೇ ಟಕ್ ಎಂದು ತಾನೇ ಆರುತ್ತದೆ, ‘ನೀ ಏನೂ ನೋಡಬೇಕಿಲ್ಲ’ ಎಂದಂತೆ. ಒಂದು ವಾರ ಸಹಿಸಿದೆ. ಎಂಟನೆಯ ದಿನ ಮುಚ್ಚಳ ತೆರೆದಿಟ್ಟು ಗುಂಡಿ ಒತ್ತಿದೆ. ಅದು ಆರುವುದು ಆವಿಯ ಬಿಸಿ ತಾಗಿದರೆ ಮಾತ್ರ. ಮುಚ್ಚಳ ತೆರೆದರೆ ಆವಿಯೆಲ್ಲ ಮೇಲೆ ಹೋಗಿ, ಯಂತ್ರಕ್ಕೆ ಕುದಿ ಬಂದದ್ದೇ ತಿಳಿಯುವುದಿಲ್ಲ. ತಳದಲ್ಲಿ ಎಳ್ಳು ಕೂತವು. ಸಜ್ಜೆ ಆದವು, ಸುಂಯ್ ಎಂದಿತು, ಜೋಳ ಎದ್ದವು, ಹಾಡು ನಿಂತಿತು. ಆಮೇಲೆ ಕಡಲೆ, ಕಡಲೆ, ಕಡಲೆ. ಕನ್ನಡಕದ ತುಂಬ ಆವಿ ಕಟ್ಟಿಕೊಂಡು ನಾನು ಬಗ್ಗಿ ನೋಡುತ್ತಲೇ ಇದ್ದೆ. ಒಳಗಿನಿಂದ ಆಕೆಯ ದನಿ ಬಂತು:

“ಇನ್ನೂರು ಯೂನಿಟ್ ದಾಟಿದ್ರ ಪೂರಾ ಬಿಲ್ ಬರ್ತೈತಿ, ಗೊತ್ತೈತಿಲ್ಲೋ? ಗೃಹಜ್ಯೋತಿ ಕೊಟ್ಟಿದ್ದು ನಿಮಗ ಕಡ್ಲಿ ಎಣಸಾಕೇನ್ರಿ?”