ರೇಸ್ ಅಂಗಳದಲ್ಲಿ ನೆಂದ ಕಾರುಗಳ ಸಂತೆ

ಅಮೆರಿಕದ ಹ್ಯೂಸ್ಟನ್ ನಗರದಿಂದ ವಾಯವ್ಯಕ್ಕೆ ಸುಮಾರು ಒಂದೂವರೆ ಗಂಟೆ ಸಾಗಿದರೆ ಕಾಲೇಜ್ ಸ್ಟೇಷನ್ ಸಿಗುತ್ತದೆ. ಹೆಸರಿಗೆ ತಕ್ಕಂತೆ ಇದು ವಿದ್ಯಾರ್ಥಿಗಳ ಊರು. ಟೆಕ್ಸಾಸ್ ಎ ಅಂಡ್ ಎಂ ವಿಶ್ವವಿದ್ಯಾಲಯ ಇರುವುದು ಇಲ್ಲೇ. ಉನ್ನತ ವ್ಯಾಸಂಗಕ್ಕೆಂದು ಭಾರತದಿಂದ ಹೋದವರೂ ಇಲ್ಲಿದ್ದಾರೆ. ಊರಿನ ದಕ್ಷಿಣಕ್ಕೆ 1969ರಲ್ಲಿ ಶುರುವಾದ ಟೆಕ್ಸಾಸ್ ವರ್ಲ್ಡ್ ಸ್ಪೀಡ್‌ವೇ ಎಂಬ ರೇಸ್ ಅಂಗಳವಿತ್ತು. ಎರಡು ಮೈಲಿ ಸುತ್ತಳತೆಯ ಆ ಟ್ರ್ಯಾಕ್ ದಶಕಗಳ ಕಾಲ ಕಾರುಗಳ ವೇಗವನ್ನಷ್ಟೇ ಕಂಡಿತ್ತು.

2017ರ ಆಗಸ್ಟ್‌ನಲ್ಲಿ ಹಾರ್ವೆ ಚಂಡಮಾರುತ ಅಪ್ಪಳಿಸಿತು. ಲಕ್ಷಾಂತರ ವಾಹನಗಳು ನೀರಿಗೆ ಸಿಕ್ಕಿದವು. ವಿಮಾ ಕಂಪನಿಗಳು ಮಾಲೀಕರಿಗೆ ಪರಿಹಾರ ಕೊಟ್ಟು ಕೆಟ್ಟ ಕಾರುಗಳನ್ನು ವಶಕ್ಕೆ ಪಡೆದವು. ಅವುಗಳನ್ನು ಹರಾಜು ಹಾಕುವ ಕೋಪಾರ್ಟ್ ಕಂಪನಿ, ನಿಲ್ಲಿಸಲು ಜಾಗ ಸಾಲದೆ ಈ ಅಂಗಳವನ್ನೇ ಬಳಸಿಕೊಂಡಿತು. ರೇಸ್ ಓಡಬೇಕಾದಲ್ಲಿ ಓಡಲಾಗದ ಕಾರುಗಳು ಸಾಲುಗಟ್ಟಿ ನಿಂತವು.

ಇಂಥ ಹರಾಜುಗಳಲ್ಲಿ ಹಳೆಯ ಟ್ರಕ್ಕಿನ ಪಕ್ಕದಲ್ಲೇ ಮಸ್ಟಾಂಗ್, ಕಮಾರೊಗಳಂಥ ವೇಗದ ಕಾರುಗಳೂ ಇರುತ್ತವೆ. ಮೈಗೆ ಒಂದು ಗೀರೂ ಇರದು, ಬೆಲೆಯೋ ಮಾರುಕಟ್ಟೆಗಿಂತ ಬಹಳ ಕಡಿಮೆ. ಹುಡುಗರ ಮನಸ್ಸು ಸೋಲುವುದು ಸಹಜ. ಆದರೆ ಇದು ಅಗ್ಗದ ಆಸೆಗೆ ಮುಗ್ಗಿದ ಜೋಳ ಕೊಂಡ ಕಥೆಯೂ ಆಗಬಹುದು. ಡಿಕ್ಕಿಯ ಪೆಟ್ಟು ಕಣ್ಣಿಗೆ ಕಾಣುತ್ತದೆ, ನೀರಿನ ಪೆಟ್ಟು ಕಾಣುವುದಿಲ್ಲ. ವೈರು, ಕಂಪ್ಯೂಟರ್, ಏರ್‌ಬ್ಯಾಗಿನ ಸೆನ್ಸಾರುಗಳಿಗೆ ತುಕ್ಕು ಹಿಡಿದು ಅವು ಕೈಕೊಡುವುದು ತಿಂಗಳುಗಳ ನಂತರ. ಹೆದ್ದಾರಿಯಲ್ಲಿ ಹಾಗಾದರೆ ಹೋಗುವುದು ಹಣವಷ್ಟೇ ಅಲ್ಲ.

ಹರಾಜು ನಡೆಯುವುದು ಇಂಟರ್‌ನೆಟ್‌ನಲ್ಲಿ. ಒಂದೊಂದು ಕಾರಿನ ಸವಾಲು ನೋಡನೋಡುತ್ತಿದ್ದಂತೆ ಮುಗಿಯುತ್ತದೆ. 'ಓಡುತ್ತದೆ' ಎಂಬ ಚೀಟಿಗೆ, ಯಾರ್ಡಿಗೆ ಬಂದ ದಿನ ಕಾರು ಸ್ಟಾರ್ಟ್ ಆಗಿ ಸ್ವಲ್ಪ ಚಲಿಸಿತು ಎಂಬುದಷ್ಟೇ ಅರ್ಥ. ಇದ್ದ ಸ್ಥಿತಿಯಲ್ಲೇ ಮಾರಾಟ, ಗ್ಯಾರಂಟಿ ಇಲ್ಲ. ಕೂಗಿದ ಬೆಲೆಯ ಮೇಲೆ ಹರಾಜಿನ ಶುಲ್ಕ, ಸಾಗಾಣಿಕೆ, ರಿಪೇರಿ ಸೇರುತ್ತವೆ. ತಡವಾಗಿ ಒಯ್ದರೆ ಯಾರ್ಡಿನ ಬಾಡಿಗೆ ಬೇರೆ. ದಾಖಲೆಯಲ್ಲಿ ಬಿದ್ದ 'ಸಾಲ್ವೇಜ್' ಮುದ್ರೆ ರಿಪೇರಿಯ ನಂತರ 'ರೀಬಿಲ್ಟ್' ಆಗುತ್ತದೆಯೇ ಹೊರತು ಅಳಿಯುವುದಿಲ್ಲ. ಅಂಥ ಕಾರಿಗೆ ಪೂರ್ಣ ವಿಮೆ ಸಿಗುವುದು ಕಷ್ಟ, ಮರುಮಾರಾಟದ ಬೆಲೆಯೂ ಕಡಿಮೆ.

ಹಾಗೆಂದು ಇಲ್ಲಿ ಕೊಂಡವರೆಲ್ಲ ಕೆಟ್ಟರೆಂದಲ್ಲ. ಕಸುಬು ಬಲ್ಲವರು ಹರಾಜಿಗೆ ಮುಂಚೆಯೇ ಯಾರ್ಡಿಗೆ ಹೋಗುತ್ತಾರೆ. ಸೀಟ್ ಬೆಲ್ಟನ್ನು ಕೊನೆಯವರೆಗೆ ಎಳೆದು ಕೆಸರಿನ ಗೆರೆ ಇದೆಯೇ ನೋಡುತ್ತಾರೆ. ಸ್ಟೆಪ್ನಿಯ ಗುಂಡಿಯಲ್ಲಿ ಮರಳು, ದೀಪದ ಗಾಜಿನೊಳಗೆ ತೇವ ಹುಡುಕುತ್ತಾರೆ. ಕಾರಿನ 17 ಅಕ್ಷರ-ಅಂಕಿಗಳ ಗುರುತು ಸಂಖ್ಯೆಯಿಂದ ಅದರ ಪೂರ್ವೇತಿಹಾಸ ತೆಗೆಸುತ್ತಾರೆ. ನೀರು ಕಂಡದ್ದನ್ನು ಬಿಟ್ಟು, ಬಂಪರ್ ಮುರಿದಿದ್ದರೂ ಏರ್‌ಬ್ಯಾಗ್ ಬಿಚ್ಚದ ಕಾರನ್ನು ಹುಡುಕಿ, ಅದರ ಚೌಕಟ್ಟು ಬಾಗಿಲ್ಲವೆಂದು ಖಚಿತಪಡಿಸಿಕೊಂಡೇ ಸವಾಲು ಕೂಗುತ್ತಾರೆ.

ದೂರದ ಊರಿನಿಂದ ಮಗನ ಫೋನ್ ಬಂದು, ಅರ್ಧ ಬೆಲೆಗೆ ಮಸ್ಟಾಂಗ್ ಸಿಗುತ್ತಿದೆ ಎಂದರೆ ಹೆತ್ತವರು ಬೇಡವೆಂದು ಗದರಬೇಕಿಲ್ಲ. ಬೆಲೆ ಎಷ್ಟು ಎಂದು ಕೇಳುವ ಮೊದಲು ಆ ಕಾರು ಎಷ್ಟು ನೀರು ಕಂಡಿದೆ ಎಂದು ಕೇಳಿದರೆ ಸಾಕು.