ಯಾವ ಎಂಜಿನ್ ಸತ್ತಿದೆ?

ಎರಡು ಎಂಜಿನ್ನಿನ ವಿಮಾನದಲ್ಲಿ ಒಂದು ಕೆಟ್ಟರೆ ಅರ್ಧ ಬಲ ಹೋಗುತ್ತದೆ, ಅಷ್ಟೇ ತಾನೆ ಎಂದುಕೊಂಡಿದ್ದೆ. ಪೈಪರ್ ಸೆಮಿನೋಲ್‌ನಲ್ಲಿ ತರಬೇತಿಗೆ ಕುಳಿತಾಗ ತಿಳಿಯಿತು: ಮೇಲೇರುವ ಶಕ್ತಿಯಲ್ಲಿ ಸುಮಾರು ಶೇಕಡಾ 80 ಕೈಬಿಡುತ್ತದೆ!

ಅಂದು ನೆಲದಿಂದ 4,000 ಅಡಿ ಮೇಲಿದ್ದೆವು. ಶಿಕ್ಷಕರು ಲಿವರ್‌ಗಳ ಮೇಲೆ ನಕಾಶೆ ಮುಚ್ಚಿ, ಅದರಡಿ ಕೈಹಾಕಿ ಒಂದು ಎಂಜಿನ್ನಿಗೆ ಇಂಧನ ನಿಲ್ಲಿಸಿದರು. ವಿಮಾನದ ಮೂತಿ ಥಟ್ಟನೆ ಎಡಕ್ಕೆ ತಿರುಗಿತು. ಬಲಗಾಲಿನಿಂದ ರಡ್ಡರ್ ಒತ್ತಿ ನೇರಮಾಡಿದೆ. ಗಾಬರಿಯಲ್ಲಿ ನನ್ನ ಕೈ ಬಲಗಡೆಯ ಲಿವರ್‌ಗೆ ಹೋಯಿತು. ಅದು ಓಡುತ್ತಿದ್ದ ಎಂಜಿನ್ನಿನದು! ಶಿಕ್ಷಕರ ಅಂಗೈ ಆಗಲೇ ಅಲ್ಲಿ ಅಡ್ಡವಿತ್ತು.

"ಯಾವ ಕಾಲು ಸುಮ್ಮನಿದೆ?"

"ಎಡಗಾಲು, ಸರ್."

"ಸತ್ತದ್ದೂ ಆ ಕಡೆಯದೇ. ಎಡ ಥ್ರಾಟಲ್ ಮೆಲ್ಲಗೆ ಹಿಂದಕ್ಕೆಳೆದು ನೋಡು."

ಎಳೆದೆ. ಏನೂ ಬದಲಾಗಲಿಲ್ಲ. ಖಾತ್ರಿಯಾಯಿತು. ಆಮೇಲಷ್ಟೇ ಆ ಪ್ರೊಪೆಲರ್‌ನ ಅಲಗುಗಳನ್ನು ಗಾಳಿಗೆ ತಡೆಯಾಗದಂತೆ ತಿರುಗಿಸಬೇಕು.

ಈ ಒಂದು ನಿಮಿಷದ ತಾಳ್ಮೆ ಸಣ್ಣದಲ್ಲ. 2015ರ ಫೆಬ್ರುವರಿ 4ರಂದು ತೈಪೆಯಲ್ಲಿ ಟ್ರಾನ್ಸ್‌ಏಷ್ಯಾ ವಿಮಾನದ ಒಂದು ಎಂಜಿನ್ ಬಲ ಕಳೆದುಕೊಂಡಾಗ, ಚೆನ್ನಾಗಿದ್ದ ಇನ್ನೊಂದನ್ನೇ ನಿಲ್ಲಿಸಿಬಿಟ್ಟರು. 43 ಜನ ಸತ್ತರು.

ಇಳಿದ ಮೇಲೆ ಬೈಗುಳಕ್ಕೆ ಕಾದು ನಿಂತೆ. ಶಿಕ್ಷಕರು "ನಾಳೆ ಮತ್ತೆ ಮಾಡೋಣ" ಎಂದರಷ್ಟೆ.

ಈಗ ಮಗ ಲೆಕ್ಕ ತಪ್ಪಿದಾಗಲೆಲ್ಲ ಆ ಅಂಗೈ ನೆನಪಾಗುತ್ತದೆ. ಅದು ತಪ್ಪು ಮಾಡಲು ಬಿಟ್ಟಿತ್ತು, ಬೀಳಲು ಬಿಟ್ಟಿರಲಿಲ್ಲ.