ಕೇರಿಗೆ ಬಾರದ ಸುದ್ದಿ

ನಮ್ಮ ಕೇರಿಗೆ ನೋಟೀಸೇ ಬರುವುದಿಲ್ಲ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಸೊಸೈಟಿ ಸಾಲದ ನೋಟೀಸು ಬರುತ್ತದೆ. ಕರೆಂಟು ಬಾಕಿಯದು ಬರುತ್ತದೆ. ಗೋಮಾಳದಲ್ಲಿ ಗುಡಿಸಲು ಹಾಕಿಕೊಂಡವರಿಗೆ ತೆರವಿನ ನೋಟೀಸು ಬರುತ್ತದೆ. ಮನೆಯವರು ಕೂಲಿಗೆ ಹೋಗಿದ್ದರೆ ಬಾಗಿಲಿಗೇ ಅಂಟಿಸಿ ಹೋಗುತ್ತಾರೆ. ಬಾರದೆ ಇರುವುದು ಒಂದೇ. ನಮ್ಮನ್ನು ಹೊಡೆದವನು ಜೈಲಿನಿಂದ ಹೊರಗೆ ಬರುತ್ತಿದ್ದಾನೆ ಎಂಬ ನೋಟೀಸು.

ಅದು ನಮಗೆ ಪಟಾಕಿಯಿಂದ ಗೊತ್ತಾಗುತ್ತದೆ. ಊರ ಮುಂದೆ ಸರಪಟಾಕಿ ಸಿಡಿಯಿತು ಅಂದರೆ ಜಾಮೀನು ಆಯ್ತು ಅಂತ ಲೆಕ್ಕ. ಕೇರಿಯ ಹುಡುಗನೊಬ್ಬನ ಕೈ ಮುರಿದ ಕೇಸಿನಲ್ಲಿ ಪಟಾಕಿಯೂ ಇಲ್ಲ. ಅವನ ತಾಯಿ ನೀರು ಹೊತ್ತು ಬರುವಾಗ ಹೊಡೆದವನೇ ಬೈಕಿನಲ್ಲಿ ಎದುರಿಗೆ ಬಂದ. "ಒಳಗವ್ನೆ ಅಂದ್ಕಂಡಿದ್ನಲ್ರಪ್ಪಾ, ಯಾವಾಗ ಬುಟ್ರು? ನಮಗೊಂದ್ ಮಾತು ಯೋಳ್‌ಬ್ಯಾಡ್ವಾ?" ಅಂತ ಆಕೆ ನಮ್ಮನ್ನು ಕೇಳಿದಳು. ಕೇರಿಯಲ್ಲಿ ಬಿ.ಎ. ಓದಿದವರು ನಾವೇ ತಾನೆ. ಹೋಗಿ ವಿಚಾರಿಸಿದೆವು. ಕಡತದಲ್ಲಿ 'ಫಿರ್ಯಾದಿಗೆ ತಿಳಿಸಲಾಗಿದೆ' ಎಂದು ಬರೆದಿತ್ತು. ಕೆಳಗೆ ಹೆಬ್ಬೆಟ್ಟು. ಹೆಬ್ಬೆಟ್ಟು ಅವಳದೇ. ಯಾವ ದಿನ, ಯಾವ ಕಾಗದಕ್ಕೆ ಒತ್ತಿಸಿಕೊಂಡರೋ, ಓದಿ ಹೇಳಿದವರು ಯಾರೂ ಇರಲಿಲ್ಲ.

ಕಾನೂನು ಇಲ್ಲವೇ ಅಂದರೆ ಇದೆ. 1989ರ ದೌರ್ಜನ್ಯ ತಡೆ ಕಾಯ್ದೆಗೆ 2015ರಲ್ಲಿ ತಿದ್ದುಪಡಿ ತಂದು 15ಎ ಎಂಬ ಕಲಂ ಸೇರಿಸಿದರು. 2016ರ ಜನವರಿ 26ರಿಂದ ಅದು ಜಾರಿಯಲ್ಲಿದೆ. ಜಾಮೀನೂ ಸೇರಿ ಕೋರ್ಟಿನ ಯಾವುದೇ ನಡಾವಳಿಯನ್ನು ನೊಂದವರಿಗೆ ಸರಿಯಾಗಿ, ಸಕಾಲಕ್ಕೆ ತಿಳಿಸಬೇಕು. ವಿಶೇಷ ಸರ್ಕಾರಿ ವಕೀಲರೋ ಸರ್ಕಾರವೋ ತಿಳಿಸಬೇಕು ಎನ್ನುತ್ತದೆ ಅದರ 3ನೇ ಉಪಕಲಂ. ಜಾಮೀನು, ಬಿಡುಗಡೆ, ಪೆರೋಲ್, ಶಿಕ್ಷೆ ಇವುಗಳ ವಿಚಾರಣೆಯಲ್ಲಿ ನಮ್ಮ ಮಾತನ್ನೂ ಕೇಳಬೇಕು ಎನ್ನುತ್ತದೆ 5ನೆಯದು. ರಾಜಸ್ಥಾನದ ಒಂದು ಕೊಲೆ ಕೇಸಿನಲ್ಲಿ ಸತ್ತವನ ಸೋದರನಿಗೆ ತಿಳಿಸದೆ ಹೈಕೋರ್ಟು ಕೊಟ್ಟಿದ್ದ ಜಾಮೀನನ್ನು ಸುಪ್ರೀಂ ಕೋರ್ಟು 2021ರ ಅಕ್ಟೋಬರಿನಲ್ಲಿ ರದ್ದು ಮಾಡಿತು. ತಿಳಿಸುವುದು ಕಡ್ಡಾಯ ಎಂದಿತು.

ಸುದ್ದಿ ಮುಟ್ಟಿಸುವುದು ಅಷ್ಟು ಕಷ್ಟವೇ? ಊರಗೌಡರ ಮನೆಯಲ್ಲಿ ಸಾವಾದರೆ ನಡುರಾತ್ರಿಯಲ್ಲಿ ಹತ್ತು ಹಳ್ಳಿ ನಡೆದು ಸುದ್ದಿ ಮುಟ್ಟಿಸಿದವರು ನಮ್ಮ ತಾತಂದಿರು. ತಮಟೆ ಬಡಿದು ಊರಿಗೆಲ್ಲ ಸಾರಿದವರೂ ಅವರೇ. ಕಾಲಿಗೆ ಮೆಟ್ಟಿಲ್ಲದೆ ಹೋಗಿ ಬಂದರು. ಜೀಪು, ಫೋನು, ಕಂಪ್ಯೂಟರು ಎಲ್ಲ ಇರುವ ಸರ್ಕಾರಕ್ಕೆ ಅದೇ ಕೇರಿಗೆ ಒಂದು ಸುದ್ದಿ ಮುಟ್ಟಿಸಲು ಆಗುವುದಿಲ್ಲವಂತೆ!

ಆರೋಪಿಗೂ ಜಾಮೀನಿನ ಹಕ್ಕಿದೆ ಎನ್ನುತ್ತಾರೆ. ಇರಲಿ, ಬೇಡ ಅಂದವರು ಯಾರು? ಜಾಮೀನಿಗೆ ದುಡ್ಡಿಲ್ಲದೆ ಜೈಲಿನಲ್ಲಿ ಕೊಳೆಯುವುದು ಏನೆಂದು ನಮಗಿಂತ ಬಲ್ಲವರಿಲ್ಲ. ನಾವು ಕೇಳುವುದು ಮೊದಲೇ ಹೇಳಿ ಅಂತ. ಮೊದಲೇ ಗೊತ್ತಿದ್ದರೆ ಸಾಕ್ಷಿ ಹೇಳಬೇಕಾದ ಹುಡುಗನನ್ನು ನೆಂಟರೂರಿಗೆ ಕಳಿಸುತ್ತೇವೆ. ಹೆಣ್ಣುಮಕ್ಕಳು ಒಬ್ಬೊಬ್ಬರೇ ಹೊಲಕ್ಕೆ ಹೋಗುವುದಿಲ್ಲ. ಹೊರಗೆ ಬಂದರೆ ನಮ್ಮ ಗತಿಯೇನು ಅಂತ ನ್ಯಾಯಾಧೀಶರ ಮುಂದೆಯೇ ಹೇಳುತ್ತೇವೆ. ಗೊತ್ತಿಲ್ಲದಿದ್ದರೆ ರಾಜಿ ಪಂಚಾಯ್ತಿ ಕೂರುತ್ತದೆ, ಸಾಕ್ಷಿಯ ನಾಲಿಗೆ ತಿರುಗುತ್ತದೆ, ಕೇಸು ಬಿದ್ದುಹೋಗುತ್ತದೆ. ಆಮೇಲೆ 'ಸುಳ್ಳು ಕೇಸು' ಅಂತ ಹೆಸರು ಬೇರೆ.

ಶಿಕ್ಷೆಯಾದ ಮೇಲೂ ಇದು ಮುಗಿಯುವುದಿಲ್ಲ. ಗಂಗಾವತಿ ತಾಲೂಕಿನ ಮರಕುಂಬಿಯಲ್ಲಿ 2014ರ ಆಗಸ್ಟಿನಲ್ಲಿ ನಮ್ಮವರ ಗುಡಿಸಲುಗಳಿಗೆ ಬೆಂಕಿಯಿಟ್ಟರು. 10 ವರ್ಷ ಕಾದ ಮೇಲೆ 2024ರ ಅಕ್ಟೋಬರ್ 24ರಂದು ಕೊಪ್ಪಳದ ಕೋರ್ಟು 98 ಮಂದಿಗೆ ಜೀವಾವಧಿ, 3 ಮಂದಿಗೆ 5 ವರ್ಷ ಶಿಕ್ಷೆ ಕೊಟ್ಟಿತು. ತಿಂಗಳು ತುಂಬುವ ಮೊದಲೇ ಅವರಲ್ಲಿ ಬಹುಪಾಲು ಜನಕ್ಕೆ ಧಾರವಾಡದ ಹೈಕೋರ್ಟು ಪೀಠದಲ್ಲಿ ಜಾಮೀನಾಯಿತು. ಮರಕುಂಬಿಯ ಕೂಲಿಯವರಿಗೆ ಕೊಪ್ಪಳವೇ ದೂರ, ಧಾರವಾಡ ಇನ್ನೆಷ್ಟು ದೂರ! ಗುಜರಾತಿನಲ್ಲಿ 2022ರ ಆಗಸ್ಟ್ 15ರಂದು ಬಿಲ್ಕಿಸ್ ಬಾನೊ ಕೇಸಿನ 11 ಜೀವಾವಧಿ ಕೈದಿಗಳನ್ನು ಬಿಟ್ಟು ಹಾರ ಹಾಕಿದರು. ತನ್ನ ಕ್ಷೇಮದ ಬಗ್ಗೆ ಯಾರೂ ವಿಚಾರಿಸಲಿಲ್ಲ ಎಂದು ಆಕೆಯೇ ಹೇಳಿದರು. ಆ ಬಿಡುಗಡೆಯನ್ನು ಸುಪ್ರೀಂ ಕೋರ್ಟು ರದ್ದು ಮಾಡಿದ್ದು 2024ರ ಜನವರಿ 8ಕ್ಕೆ. ಆಕೆಗೆ ಕೊನೆಗೆ ಕೋರ್ಟಾದರೂ ಸಿಕ್ಕಿತು.

ಗೆಳೆಯರೇ, ಮೇಷ್ಟ್ರೇ, ನಿಮ್ಮೂರಿನಲ್ಲಿ ದೌರ್ಜನ್ಯದ ಕೇಸು ಇದ್ದರೆ ಒಂದು ಅರ್ಜಿ ಬರೆದುಕೊಡಿ. ಕನ್ನಡದಲ್ಲೇ ಸಾಕು. ಕೇಸಿನ ನಂಬರು, ನೊಂದವರ ಹೆಸರು, 15ಎ ಕಲಮ್ಮಿನಂತೆ ಜಾಮೀನು, ಪೆರೋಲ್, ಬಿಡುಗಡೆ ಎಲ್ಲವನ್ನೂ ಮುಂಚಿತವಾಗಿ ತಿಳಿಸಿ ಎಂಬ ಒಂದು ಸಾಲು. ಕೇರಿಯ ಫೋನುಗಳು ಕರೆನ್ಸಿ ಇಲ್ಲದೆ ಸತ್ತಿರುತ್ತವೆ, ನಿಮ್ಮ ನಂಬರನ್ನೂ ಸೇರಿಸಿ. ಒಂದು ಪ್ರತಿ ಸರ್ಕಾರಿ ವಕೀಲರಿಗೆ, ಒಂದು ತನಿಖೆ ಮಾಡುವ ಡಿವೈಎಸ್‌ಪಿಗೆ, ಒಂದು ಜೈಲಿಗೆ. ಸೀಲು ಹಾಕಿಸಿಕೊಳ್ಳದೆ ವಾಪಸ್ಸು ಬರಬೇಡಿ. ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯ ಜಾಗೃತಿ ಸಮಿತಿ 3 ತಿಂಗಳಿಗೊಮ್ಮೆ ಸೇರಬೇಕು. ಮುಂದಿನ ಸಭೆಗೆ ಒಂದೇ ಪ್ರಶ್ನೆ ಹಿಡಿದು ಹೋಗೋಣ: ಈ 3 ತಿಂಗಳಲ್ಲಿ ಎಷ್ಟು ಜನ ಹೊರಗೆ ಬಂದರು, ಅದರಲ್ಲಿ ಎಷ್ಟು ಮನೆಗೆ ಮೊದಲೇ ಹೇಳಿದಿರಿ?